ಅವ್ವನ ಕೇದಾರದ ಮುಡಿಪು

ವರ್ಷ ತುಂಬುವ ತನಕ ಗುಡ್ಡ ಹತ್ತಬಾರದು ಅಂದರು. ಅವ್ವ ಹೋಗಿ ಆಗ ಇನ್ನೂ ತಿಂಗಳು ಕಳೆದಿರಲಿಲ್ಲ. ಹೇಳಿದವನು ನನ್ನ ಅಣ್ಣ, ಫೋನಿನಲ್ಲಿ. ನಾನು ಗಿರಣಿಗೆ ಜೋಳ ಸುರಿಯುತ್ತಿದ್ದೆ. ಸಪ್ಪಳದಲ್ಲಿ ಮೊದಲ ಸಲ ಸರಿಯಾಗಿ ಕೇಳಲಿಲ್ಲ, ಗಿರಣಿ ನಿಲ್ಲಿಸಿ ಮತ್ತೆ ಕೇಳಿಸಿಕೊಂಡೆ.

"ಮನ್ಯಾಗ ಸಾವಾದಮ್ಯಾಲೆ ವರ್ಷದ ತನಕ ಗುಡ್ಡದ ದೇವರ ದರ್ಶನ ಇಲ್ಲ. ನಿನಗ ಗೊತ್ತಿಲ್ಲೇನು?"

ಗೊತ್ತಿತ್ತು. ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಸತ್ತವರ ಮನೆಯವರು ಒಂದು ವರ್ಷ ತಿರುಪತಿಗೆ ಹೋಗುವುದಿಲ್ಲ, ಶ್ರೀಶೈಲಕ್ಕೆ ಹೋಗುವುದಿಲ್ಲ, ಎತ್ತರದಲ್ಲಿರುವ ಯಾವ ಗುಡಿಯ ಮೆಟ್ಟಿಲನ್ನೂ ತುಳಿಯುವುದಿಲ್ಲ. ಹಿರಿಯರು ಮಾಡಿಟ್ಟ ನಿಯಮ. ಅದರ ಬಗ್ಗೆ ನನ್ನ ತಕರಾರಿಲ್ಲ. ಅದನ್ನು ನನಗೆ ಹೇಳಿದ್ದರ ಬಗ್ಗೆ ಇದೆ. ಯಾಕೆಂದು ತಿಳಿಯಬೇಕಾದರೆ ಮೊದಲು ಅವ್ವ ಕೇದಾರಕ್ಕೆ ಹೊರಟ ಕಥೆ ಹೇಳಬೇಕು.

ಕೂಕಟ್‌ಪಲ್ಲಿಯಲ್ಲಿ ನಮ್ಮದು ಸಣ್ಣ ಹಿಟ್ಟಿನ ಗಿರಣಿ. ಕೆಳಗೆ ಗಿರಣಿ, ಅದೇ ಕಟ್ಟಡದಲ್ಲಿ ಮೇಲೆ ಎರಡು ಕೋಣೆಯ ಮನೆ. ಹೈದರಾಬಾದಿನಲ್ಲಿ ಆಗ ಎಲ್ಲಿ ನೋಡಿದರೂ ಕಟ್ಟಡ ಏಳುತ್ತಿದ್ದವು. ಕಂಪನಿಗಳ ಆಫೀಸು ಕಟ್ಟಲು ಆ ಕಡೆಯ ಬಂಡೆಗಲ್ಲಿನ ಗುಡ್ಡಗಳನ್ನು ಸಿಡಿಮದ್ದು ಇಟ್ಟು ಒಡೆಯುತ್ತಿದ್ದರು. ಆ ಕೆಲಸಕ್ಕೆ ಕಲಬುರಗಿ, ರಾಯಚೂರು ಕಡೆಯಿಂದ ಬಂದ ಜನ ನಮ್ಮಲ್ಲಿ ಜೋಳ ಬೀಸಿಸಿಕೊಂಡು ಹೋಗುತ್ತಿದ್ದರು. ಹಾಸ್ಟೆಲಿನಲ್ಲಿರುವ ಸಾಫ್ಟ್‌ವೇರ್ ಹುಡುಗಿಯರು ಕಡಕ್ ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಅಣ್ಣ ಆ ಆಫೀಸುಗಳಿಗೆ ಫಾಲ್ಸ್ ಸೀಲಿಂಗ್ ಹಾಕಿಸುವ ಕಾಂಟ್ರಾಕ್ಟರು. ಲಿಂಗಂಪಲ್ಲಿಯಲ್ಲಿ ಬಾಡಿಗೆ ಮನೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಮೊದಲು ಅಲ್ಲಿಗೇ ಹೋದಳು. ಸ್ವಲ್ಪ ದಿನಕ್ಕೆ, ಮನೆ ಸಣ್ಣದು, ಮಕ್ಕಳ ಓದಿಗೆ ತೊಂದರೆ ಆಗುತ್ತದೆ ಎಂದು ಅಣ್ಣನೇ ಆಟೋದಲ್ಲಿ ನಮ್ಮ ಮನೆಗೆ ತಂದು ಬಿಟ್ಟ. ಆಮೇಲೆ ಅವಳು ಎಲ್ಲಿಗೂ ಹೋಗಲಿಲ್ಲ.

ಮಗಳ ಮನೆಯ ಅನ್ನ ಬಿಟ್ಟಿ ತಿನ್ನಬಾರದು ಅನ್ನುವುದು ಅವ್ವನ ಕಟ್ಟುನಿಟ್ಟು. ಅದಕ್ಕೇ ದಿನಾ ಬೆಳಗ್ಗೆ ಗಿರಣಿಯ ಬಾಗಿಲಲ್ಲಿ ಮೊರ ಹಿಡಿದು ಕೂತು ಬಂದವರ ಜೋಳ ಹಸನು ಮಾಡಿಕೊಡುತ್ತಿದ್ದಳು. ಬೇಡ ಅಂದರೆ ಆ ದಿನ ಊಟ ಬಿಡುತ್ತಿದ್ದಳು. ನಮ್ಮ ಮನೆಯವರು ಸೋತು, "ಅತ್ತೀ, ನೀವು ನಮ್ಮ ಗಿರಣಿ ಮ್ಯಾನೇಜರ್ರು. ಬರೇ ಕೂತು ಕೆಲಸಾ ಮಾಡಸ್ರಿ" ಎಂದು ನಗುತ್ತಿದ್ದರು.

ಅವ್ವನ ಟ್ರಂಕಿನಲ್ಲಿ ಒಂದು ಮುಡಿಪು ಇತ್ತು. ಅರಿಶಿನ ಹಚ್ಚಿದ ಬಟ್ಟೆಯಲ್ಲಿ ಹಳೆಯ ಬೆಳ್ಳಿ ರೂಪಾಯಿ ಕಟ್ಟಿದ ಗಂಟು. ನಾನು ಚಿಕ್ಕವಳಿದ್ದಾಗ ವಿಷಮಜ್ವರ ಬಂದು ಎಲ್ಲರೂ ಕೈಬಿಟ್ಟಿದ್ದರಂತೆ. ಕೇದಾರಕ್ಕೆ ಹೋಗಿ ಬಂದಿದ್ದ ಓಣಿಯ ಮುದುಕಿಯೊಬ್ಬಳು ಅಲ್ಲಿಂದ ತಂದ ಗಂಗೆಯನ್ನು ನನ್ನ ಬಾಯಿಗೆ ಬಿಟ್ಟಳಂತೆ. ಅವ್ವ ಆಗಲೇ ರೂಪಾಯಿ ಕಟ್ಟಿದಳು, ಈ ಕೂಸು ಎದ್ದರೆ ಕರಕೊಂಡು ನಿನ್ನ ಬಾಗಿಲಿಗೆ ಬರುತ್ತೇನೆ ಎಂದು. ಅಪ್ಪ ಸಾಯುವ ತನಕ ಅದನ್ನು ಹೇಳಿ ನಗುತ್ತಿದ್ದ. "ಊರ ಮುಂದಿನ ಹನುಮಪ್ಪ ಕಾಣಲಿಲ್ಲ ನೋಡು ಇಕಿಗೆ, ಸೀದಾ ಹಿಮಾಲಯಕ್ಕs ಹರಕಿ ಹೊತ್ತಾಳ."

ಹರಕೆ ಹೊತ್ತವಳು ಮರೆಯಲಿಲ್ಲ. ನಮ್ಮ ಓಣಿಯಲ್ಲಿ ನಿವೃತ್ತ ಮಾಸ್ತರೊಬ್ಬರು ಪ್ರತಿ ಬೇಸಿಗೆಗೆ ಬಸ್ಸು ಮಾಡಿ, ಅಡಿಗೆಯವರನ್ನು ಜೊತೆಗೆ ಕಟ್ಟಿಕೊಂಡು ಕೇದಾರ ಬದರಿಗೆ ಜನರನ್ನು ಕರೆದೊಯ್ಯುತ್ತಾರೆ ಎಂದು ತಿಳಿದ ದಿನದಿಂದ ಅವಳದು ಒಂದೇ ರಾಗ. ಎರಡು ಸೀಟು ಹೇಳಿದೆವು, ಅವಳಿಗೊಂದು ನನಗೊಂದು. ಹೊರಡುವುದಕ್ಕೆ ಇನ್ನೂ ಎಷ್ಟೋ ತಿಂಗಳಿದ್ದವು. ಅವ್ವನ ತಯಾರಿ ಮಾತ್ರ ಮರುದಿನವೇ ಶುರು.

ಅಬಿಡ್ಸ್ ಪೇಟೆಗೆ ಕರೆದುಕೊಂಡು ಹೋಗು ಅಂದಳು. ಹುಟ್ಟಿದಾಗಿನಿಂದ ಚಪ್ಪಲಿ ಬಿಟ್ಟು ಬೇರೆ ಮೆಟ್ಟಿದವಳಲ್ಲ. ಅಂಗಡಿಯಲ್ಲಿ ಕೂತು, "ಸಾಲಿ ಹುಡುಗರ ಬಿಳೇ ಬೂಟು ತೋರಿಸಪಾ" ಅಂದಳು. ಅಂಗಡಿಯವನು, "ಪೋತೇ ಕೆ ವಾಸ್ತೇ, ಅಮ್ಮಾ?" ಎಂದ. ಮೊಮ್ಮಗನಿಗಾ ಎಂದು ಕೇಳಿದ್ದು. ಅವ್ವ ಸೀರೆಯ ನೆರಿಗೆ ಸ್ವಲ್ಪ ಎತ್ತಿ ಪಾದ ಮುಂದಿಟ್ಟು, "ಮೇರೇಕು. ಪಹಾಡ್ ಚಡ್ನಾ ಹೈ" ಅಂದಳು, ನನಗೇ, ಗುಡ್ಡ ಹತ್ತಬೇಕು ಎಂದು. ಅವನು ತಾನೇ ಕೆಳಗೆ ಕೂತು ಲೇಸು ಕಟ್ಟಿದ. ಕಟ್ಟುವುದು ಹೇಗೆಂದು ಅವಳಿಗೆ ಎರಡು ಸಲ ಬಿಚ್ಚಿ ತೋರಿಸಿದ.

ಆಮೇಲೆ ಸಾಯಂಕಾಲ ಆದರೆ ಸಾಕು, ಕಚ್ಚೆ ಬಿಗಿದು ಬಿಳಿ ಬೂಟು ತೊಟ್ಟು ನಮ್ಮ ಕಟ್ಟಡದ ಮೆಟ್ಟಿಲು ಹತ್ತುವುದು. ಮಾಸ್ತರರು ಹೇಳಿದ ಊರುಗಳ ಹೆಸರನ್ನು ಮಾಳಿಗೆಗಳಿಗೆ ಇಟ್ಟಿದ್ದಳು. ಕೆಳಗೆ ವಾಚ್‌ಮನ್ ಕೂರುವ ಜಾಗ ಗೌರಿಕುಂಡ. ನಡುವಿನ ಮಾಳಿಗೆ ರಾಮಬಾಡಾ. ಟೆರೇಸಿನ ಮೇಲಿನ ನೀರಿನ ಟ್ಯಾಂಕು ಕೇದಾರ. ವಾಚ್‌ಮನ್ ದಿನಾ ಕೇಳುವವನು, "ಎಂತದೂರಂ ವಚ್ಚಾರು, ಅಮ್ಮಮ್ಮಾ?" ಎಷ್ಟು ದೂರ ಬಂದಿರಿ ಎಂದು. ಅವ್ವ ಮೇಲಿನಿಂದಲೇ ಕೂಗುವವಳು, "ರಾಮಬಾಡಾ ದಾಟೇನೋ ತಮ್ಮಾ, ಇಲ್ಲಿ ಭಾಳ ಥಂಡಿ!" ಆ ಮಾಳಿಗೆಯ ತೆಲುಗು ಹೆಣ್ಣುಮಗಳಿಗೆ ಕನ್ನಡ ಬರುತ್ತಿರಲಿಲ್ಲ. "ರಾಮಬಾಡಾದಾಗ ಚಾ ಸಿಗಂಗಿಲ್ಲೇನು?" ಎಂದು ಅವ್ವ ಬಾಗಿಲ ಹತ್ತಿರ ಕೂತರೆ ಮಾತ್ರ ಅರ್ಥವಾಗಿ ಚಹಾ ತರುತ್ತಿದ್ದಳು.

ದೀಪಾವಳಿ ಮುಗಿದು ಹಿಮ ಬೀಳುತ್ತದೆಂದು ಕೇದಾರದ ಬಾಗಿಲು ಮುಚ್ಚಿದರು. ಆ ಸುದ್ದಿ ಟಿವಿಯಲ್ಲಿ ನೋಡಿ, "ಇನ್ನ ತಗದಾಗ ಮೊದಲ ನಾವ" ಅಂದಳು. ಅದೇ ವಾರ ಒಂದು ಬೆಳಗ್ಗೆ ಮೊರ ಹಿಡಿದು ಕೂತವಳು ಹಾಗೇ ಗೋಡೆಗೆ ಒರಗಿದಳು. ನಾನು ನಿದ್ದೆ ಬಂದಿರಬೇಕು ಅಂದುಕೊಂಡೆ. ಮೊರದಲ್ಲಿದ್ದ ಜೋಳ ಚೆಲ್ಲಿರಲಿಲ್ಲ.

  

ಅಣ್ಣ ಬಂದ. ಅತ್ತ. ಕಣ್ಣೊರೆಸಿಕೊಂಡು ಎದ್ದವನು ಮೊದಲು ಹೇಳಿದ ಮಾತು, "ಗಾಡಿ ತರಸೀನಿ. ನಮ್ಮ ಮನೀಗೆ ಒಯ್ಯಬೇಕು."

"ಯಾಕಣ್ಣಾ? ಇಲ್ಲೇ ಎಲ್ಲಾ ಮಾಡೂಣು. ಅಕಿ ಇದ್ದದ್ದು ಇಲ್ಲೇ ಅಲ್ಲ?"

"ಮಗ ಜೀವಂತ ಇದ್ದಾಗ ಮಗಳ ಮನೀಲಿಂದ ಹೆಣ ಎತ್ತಿದರ ಮಂದಿ ಏನಂದಾರು?"

ಮಂದಿ! ಆ ಮಂದಿ ಅವ್ವನಿಗೆ ಒಂದು ದಿನ ಕಷಾಯ ಕಾಸಿ ಕೊಟ್ಟಿದ್ದರೆ ನನಗೆ ಮಾತಿರಲಿಲ್ಲ. ಸಣ್ಣದಾಯಿತೆಂದು ಅವಳನ್ನು ಹೊರಗೆ ಕಳಿಸಿದ ಮನೆ ಹೆಣಕ್ಕೆ ಸಾಕಾಯಿತು. ಗಾಡಿಯಲ್ಲಿ ಅವ್ವನ ತಲೆಯ ಬಳಿ ನಾನು ಕೂತಿದ್ದೆ. ಕಂಪನಿಗಳ ಬಸ್ಸು ಸಾಲಾಗಿ ನಿಂತ ಹೊತ್ತು, ಗಾಡಿ ಹೆಜ್ಜೆಗೊಮ್ಮೆ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಅವ್ವನ ತಲೆ ಅತ್ತಿತ್ತ ಹೊರಳುತ್ತಿತ್ತು, ನಾನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಸತ್ತ ಮೇಲೂ ಅವಳಿಗೆ ಪ್ರಯಾಣ ತಪ್ಪಲಿಲ್ಲ. ಮಗನ ಹೊಸ್ತಿಲು ತೋರಿಸುವುದಕ್ಕೆ ಒಂದು ಪ್ರಯಾಣ.

ಮೂರನೆಯ ದಿನ ಭಟ್ಟರು ನನ್ನನ್ನು ಕರೆದು, "ನಿಮಗ ಇವತ್ತಿಗೆ ಮುಗೀತ್ರಿ ತಾಯಿ. ತಲಿಮ್ಯಾಲೆ ನೀರ ಹಾಕ್ಕೊಂಡು ನಿಮ್ಮ ಮನೀಗೆ ಹೋಗ್ರಿ" ಅಂದರು.

"ಮುಗೀತಂದ್ರ?"

"ಸೂತಕ. ಕೊಟ್ಟ ಹೆಣ್ಣು ಕುಲಕ್ಕ ಹೊರಗ ಅಲ್ಲೇನ್ರಿ? ನಿಮ್ಮ ಗೋತ್ರ ಈಗ ನಿಮ್ಮ ಯಜಮಾನರದು. ಮಗಗ, ಸೊಸಿಗೆ ವರ್ಷ. ಮಗಳಿಗೆ ಮೂರ ದಿನ."

ಅಣ್ಣ ಪಕ್ಕದಲ್ಲೇ ಇದ್ದ. ತಲೆಯಾಡಿಸಿದ. ಅವ್ವನ ಟ್ರಂಕನ್ನು ನಮ್ಮ ಮನೆಯಿಂದ ಆಗಲೇ ತರಿಸಿದ್ದರು, ಅದು ಮನೆಯ ಸಾಮಾನು ಎಂದು. ಮುಡಿಪು ಅದರೊಳಗೇ ಹೋಯಿತು. ಬಿಳಿ ಬೂಟು ಯಾರಿಗೂ ಬೇಕಾಗಿರಲಿಲ್ಲ, ನಮ್ಮ ಬಾಗಿಲ ಹಿಂದೆಯೇ ಉಳಿದವು.

ಅಣ್ಣ ಕೆಟ್ಟವನೆಂದು ನಾನು ಹೇಳುತ್ತಿಲ್ಲ. ಸ್ಮಶಾನದಲ್ಲಿ ಇಬ್ಬರು ಹಿಡಿದುಕೊಳ್ಳುವಷ್ಟು ಅತ್ತನಂತೆ. ನಮ್ಮಲ್ಲಿ ಹೆಂಗಸರು ಅಲ್ಲಿಗೆ ಹೋಗುವುದಿಲ್ಲ, ಹಾಗಾಗಿ ನಾನು ನೋಡಿಲ್ಲ. ನನ್ನ ಪಾಲಿಗೆ ಬಂದದ್ದು ಭಟ್ಟರ ಮಾತಿಗೆ ಅವನು ತಲೆಯಾಡಿಸಿದ್ದು ಮಾತ್ರ.

ಇಷ್ಟಾದ ಮೇಲೆ, ಮಾಸ್ತರರಿಗೆ ನನ್ನ ಸೀಟು ಇರಲಿ ಎಂದು ನಾನು ಹೇಳಿದ ಸುದ್ದಿ ಅಣ್ಣನಿಗೆ ಮುಟ್ಟಿ, ಆ ಫೋನು ಬಂತು. ವರ್ಷ ಗುಡ್ಡ ಹತ್ತಬಾರದು. ಸತ್ತದ್ದು ನನ್ನ ಅವ್ವ, ಹಿರಿಯ ಹೇಳುತ್ತಿದ್ದಾನೆ, ಇರಬಹುದು ಎಂದು ಆಗ ಎನಿಸಿತು. ಮಾಸ್ತರರಿಗೆ ಸ್ವಲ್ಪ ತಡೀರಿ ಎಂದೆ. ಅವ್ವನ ಸೀಟನ್ನು ಬೇರೆ ಯಾರೋ ತೆಗೆದುಕೊಂಡರು.

ಮಾಘ ಬಂತು. ಒಂದು ದಿನ ಅಣ್ಣ ಮತ್ತು ವೈನಿ, ಅಂದರೆ ಅಣ್ಣನ ಹೆಂಡತಿ, ಬೆಳ್ಳಿಯ ಕುಂಕುಮದ ಬಟ್ಟಲು ಹಿಡಿದು ಬಂದರು. ಹೊಸ ಫ್ಲಾಟಿನ ಗೃಹಪ್ರವೇಶ. ಹನ್ನೊಂದನೆಯ ಮಾಳಿಗೆಯಂತೆ, ಬಾಲ್ಕನಿಯಿಂದ ಕಂಪನಿಗಳ ಗಾಜಿನ ಕಟ್ಟಡಗಳೆಲ್ಲ ಕಾಣುತ್ತವಂತೆ.

ವೈನಿ ನನ್ನ ಹಣೆಗೆ ಕುಂಕುಮ ಹಚ್ಚಿ, "ಹಾಲು ಉಕ್ಕಸಾಕ ಮನೀ ಮಗಳು ಬೇಕ ಬೇಕು. ನೀ ಇಲ್ಲದ ಒಲಿ ಹತ್ತಂಗಿಲ್ಲ. ಲಗೂನ ಬಂದ್‌ಬಿಡು" ಅಂದರು.

ಸತ್ತವರ ಮನೆಯಲ್ಲಿ ಆ ವರ್ಷ ಗೃಹಪ್ರವೇಶವನ್ನೂ ಮಾಡುವುದಿಲ್ಲ. ನಾನು ಕೇಳಿದೆ. "ವರ್ಷ?"

"ಭಟ್ಟರು ದಾರಿ ಹೇಳ್ಯಾರ" ಎಂದ ಅಣ್ಣ. "ಉಳದ ಮಾಸಿಕ ಎಲ್ಲಾ ಕೂಡಿಸಿ ವರ್ಷಾಂತಕನೂ ಮುಗಿಸಿಬಿಟ್ವಿ. ಬಿಲ್ಡರ್ ಕೈಯಾಗ ಕೀಲಿ ಕೊಟ್ಟಾನ, ಎಷ್ಟ ದಿನ ಸುಮ್ನ ಇಡೂದು?"

"ಅವ್ವಂದು ವರ್ಷಾಂತಕ ಆತು?" ವರ್ಷ ತುಂಬಿದಾಗ ಮಾಡಬೇಕಾದ ಶ್ರಾದ್ಧ ಅದು.

"ಹೋದ ವಾರ."

"ನನಗ ಹೇಳಲಿಲ್ಲಲ್ಲಣ್ಣಾ."

"ನಿನಗ ಹೇಳೂದೇನೈತಿ, ನೀ…" ಎಂದವನು ಅಷ್ಟಕ್ಕೇ ನಿಲ್ಲಿಸಿ ಚಹಾ ಕುಡಿದ.

ಆ ಮುಂದಿನ ಮಾತು ನನಗೆ ಗೊತ್ತಿತ್ತು. ತಡೆದುಕೊಂಡು, "ಅಂದ್ರ ಈಗ ನಾ ಕೇದಾರಕ್ಕ ಹೋಗಬಹುದು?" ಅಂದೆ.

"ಅದು ಬ್ಯಾರೆ, ಇದು ಬ್ಯಾರೆ. ತಾಯಿ ಸತ್ತು ವರ್ಷ ಆಗಿಲ್ಲ, ಮಗಳು ಬೆಟ್ಟ ನೋಡಾಕ ಹೊಂಟಾಳ ಅಂತಾರ. ನಮ್ಮ ಮನಿತನದ ಮರ್ಯಾದಿ ಸ್ವಲ್ಪ ನೋಡು."

ಅವರು ಹೋದ ಮೇಲೆ ನಮ್ಮ ಮನೆಯವರು ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತ, "ಹನ್ನೊಂದನೇ ಮಾಳಿಗಿ ಅಂದ್ರಲ್ಲ? ನಿಮ್ಮಣ್ಣಂದು ಗುಡ್ಡಕ್ಕೇನು ಕಡಿಮಿ ಐತಿ?" ಅಂದರು. ಅವ್ವ ಸತ್ತ ಮೇಲೆ ನಾನು ಮೊದಲ ಸಲ ನಕ್ಕದ್ದು ಆಗ. ನಗು ನಿಲ್ಲುವುದರೊಳಗೆ ಸಿಟ್ಟು ಬಂತು. ಪಾತ್ರೆ ತೊಳೆಯುತ್ತ ಬಚ್ಚಲಲ್ಲಿ ಕೂತಾಗ ಒಂದೊಂದೇ ಮಾತು ತಲೆಗೆ ಬಂತು. ಹೆಣ ಎತ್ತುವಾಗ ನಾನು ಹೊರಗಿನವಳು. ಟ್ರಂಕು ಒಯ್ಯುವಾಗ ಹೊರಗಿನವಳು. ವರ್ಷಾಂತಕಕ್ಕೆ ಕರೆಯುವಷ್ಟೂ ಒಳಗಿನವಳಲ್ಲ. ಹಾಲು ಉಕ್ಕಿಸುವುದಕ್ಕೆ ಮನೆಮಗಳು. ಗುಡ್ಡ ಹತ್ತಬೇಡ ಅನ್ನುವುದಕ್ಕೆ ಮನೆತನದವಳು. ಭಟ್ಟರೇ ಮೂರು ದಿನಕ್ಕೆ ಮುಗಿಸಿ ಕಳಿಸಿದ ಸೂತಕವನ್ನು ಅಣ್ಣ ನನ್ನ ತಲೆಯ ಮೇಲೆ ಮತ್ತೆ ಹೊರಿಸಿದ್ದ, ತನ್ನದನ್ನು ಇಳಿಸಿಕೊಂಡು.

ಹರಕೆ ಅವ್ವನದು, ನಿಜ. ಆದರೆ ಕರಕೊಂಡು ಬರುತ್ತೇನೆ ಎಂದು ಅವಳು ಮಾತು ಕೊಟ್ಟದ್ದು ನನ್ನನ್ನು. ನಾನು ಹೋಗದಿದ್ದರೆ ಅವಳ ಮಾತು ಹಾಗೇ ನಿಲ್ಲುತ್ತದೆ. ಮುಡಿಪು ಒಯ್ಯದೆ ಹೋದರೂ ಹೋದಂತಲ್ಲ. ಮುಡಿಪು ಅವರ ಮನೆಯಲ್ಲಿತ್ತು.

ಗೃಹಪ್ರವೇಶದ ದಿನ ಬೇಗ ಹೋದೆ. ಮನೆ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ದೇವರಿಗೇ ಬೇರೆ ಕೋಣೆ ಇತ್ತು. ಅರಿಶಿನ ತರಲು ಅಲ್ಲಿಗೆ ಹೋದಾಗ ವೈನಿ ನೆಲದ ಮೇಲೆ ಕೂತು ಉಗುರಿನಿಂದ ಏನನ್ನೋ ಬಿಚ್ಚುತ್ತಿದ್ದರು. ನೋಡಿದರೆ ಅವ್ವನ ಮುಡಿಪು. ಹೊರಗಿನ ಗಂಟು ಬಿಚ್ಚಿಯಾಗಿತ್ತು.

"ವೈನೀ, ಏನ್ ಮಾಡಾಕತ್ತೀರಿ?"

"ಕಲಶದಾಗ ಹಳೇ ಬೆಳ್ಳಿ ಹಾಕಿದರ ಚೊಲೋ ಅಂದ್ರು ಭಟ್ಟರು. ಅತ್ತಿ ಟ್ರಂಕಿನ್ಯಾಗ ಇದು ಸಿಕ್ತು. ಎಷ್ಟ ಬಿಗಿ ಕಟ್ಯಾರವ್ವಾ!"

"ಅದು ಕೇದಾರದ ಮುಡಿಪರಿ."

"ಎಲ್ಲಾ ದೇವ್ರೂ ಒಂದs ಅಲ್ಲೇನು?" ಎಂದು ವೈನಿ ನಕ್ಕರು. ಅವರಿಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. ಮನೆಗೆ ಬಂದ ಬೆಳ್ಳಿ, ಮನೆಯ ಕಲಶಕ್ಕೆ. ಅಷ್ಟರಲ್ಲಿ ಹೊರಗಿನಿಂದ, "ಮನೀ ಮಗಳನ್ನ ಕರೀರಿ, ಘಳಿಗಿ ಬಂತು" ಎಂದು ಭಟ್ಟರು ಕೂಗಿದರು.

ಅಡಿಗೆಮನೆಯಲ್ಲಿ ಹೊಸ ಒಲೆ, ಹೊಸ ಪಾತ್ರೆ, ಬಾಗಿಲ ತುಂಬ ಜನ. ನಮ್ಮಲ್ಲಿ ಒಲೆ ಹೊತ್ತಿಸುವ ಮೊದಲು ಮನೆಮಗಳು ಅಡ್ಡ ನಿಂತು ಉಡುಗೊರೆ ಕೇಳುವ ಪದ್ಧತಿ ಇದೆ. ಅವಳು ಕೇಳಿದ್ದಕ್ಕೆ ಅಣ್ಣತಮ್ಮಂದಿರು ಹೂಂ ಅನ್ನದೆ ಹಾಲು ಇಡುವಂತಿಲ್ಲ. ಎಲ್ಲರಿಗೂ ಅದೊಂದು ತಮಾಷೆ. ಅಣ್ಣ ರೇಷ್ಮೆ ಅಂಚಿನ ಧೋತರ ಸರಿಮಾಡಿಕೊಂಡು ದೊಡ್ಡ ದನಿಯಲ್ಲಿ, "ಕೇಳು ತಂಗೀ, ಏನ್ ಬೇಕು ಕೇಳು!" ಎಂದ.

"ಕಂಚಿ ಸೀರಿ ಕೇಳವಾ, ಬಿಡಬ್ಯಾಡ!" ಎಂದರು ಯಾರೋ.

"ಫ್ಲಾಟಿನ್ಯಾಗ ಒಂದ ಕೋಲಿ ಕೇಳು!" ಎಂದರು ಇನ್ನೊಬ್ಬರು. ಎಲ್ಲರೂ ನಕ್ಕರು.

ನಾನು ಜನರ ನಡುವೆ ಮಾತಾಡುವವಳಲ್ಲ. ಹತ್ತನೆಯ ತರಗತಿ ಮುಗಿಸಿದವಳು, ಗಿರಣಿಯಲ್ಲಿ ತೂಕ ಹೇಳುವುದಷ್ಟೇ ನನ್ನ ದೊಡ್ಡ ಮಾತು. ಕೈಯಲ್ಲಿದ್ದ ಕಡ್ಡಿಪೆಟ್ಟಿಗೆಯನ್ನು ಸೆರಗಿನೊಳಗೆ ಇಟ್ಟುಕೊಂಡೆ. "ಅವ್ವನ ಮುಡಿಪು ಕೊಡು" ಅಂದೆ.

ಅಣ್ಣನ ಮುಖದ ನಗು ಪೂರ್ತಿ ಹೋಗಲಿಲ್ಲ, ಅಲ್ಲೇ ಸಿಕ್ಕಿಕೊಂಡಿತು. "ಅದೇನು ಕೇಳ್ತಿ, ಹುಚ್ಚಿ! ಸೀರಿ ತಂದೀನಿ ನೋಡು."

"ಸೀರಿ ಬ್ಯಾಡ. ಮುಡಿಪು ಕೊಡು."

"ಅದು ಮನೀದು."

"ಅದು ನನ್ನ ಸಲುವಾಗಿ ಕಟ್ಟಿದ್ದು. ನಿನಗೂ ಗೊತ್ತೈತಿ. ಜ್ವರ ಬಂದಾಗ ನೀನs ಹಾಸಿಗಿ ಬಾಜೂಕ ಕೂತಿದ್ದಿ ಅಂತ ಅವ್ವ ಹೇಳತಿದ್ಲು."

ಭಟ್ಟರು ಕೈಗಡಿಯಾರ ನೋಡಿಕೊಂಡರು. "ಕೊಟ್ಟುಬಿಡ್ರಿ ಯಜಮಾನ್ರ, ಘಳಿಗಿ ಮೀರತೈತಿ. ಬೆಳ್ಳಿ ಬ್ಯಾರೆ ಹಾಕೂಣಂತ." ಅವರ ಚಿಂತೆ ಘಳಿಗೆಯದು. ಕೊನೆಗೆ ವೈನಿಯೇ ಒಳಗೆ ಹೋಗಿ ಅದನ್ನು ತಂದು ನನ್ನ ಅಂಗೈಯಲ್ಲಿಟ್ಟರು. ಒಳಗಿನ ಗಂಟು, ಅವ್ವ ಹಾಕಿದ್ದು, ಹಾಗೇ ಇತ್ತು. ಸೊಂಟಕ್ಕೆ ಸಿಕ್ಕಿಸಿಕೊಂಡು ಒಲೆ ಹೊತ್ತಿಸಿದೆ. ಹಾಲು ಚೆನ್ನಾಗಿಯೇ ಉಕ್ಕಿತು, ಶುಭ ಎನ್ನುವ ಪೂರ್ವ ದಿಕ್ಕಿಗೆ. ಜನರಿಗೆ ಮಾತಾಡಲು ಅಷ್ಟು ಸಾಕಾಯಿತು.

ಲಿಫ್ಟಿನ ಹತ್ತಿರ ಅಣ್ಣ ನನ್ನನ್ನು ಹಿಡಿದ. "ನಾಕ ಮಂದ್ಯಾಗ ಮಾನ ಕಳದಿ. ಗುಡ್ಡ ಹತ್ತಿಯೇನು ಹಂಗಾರ?"

"ಹತ್ತತೀನಿ."

"ವರ್ಷ ಆಗಿಲ್ಲ."

"ನಿನಗ ಹೋದ ತಿಂಗಳ ಆಗೈತಿ. ನನಗ ಮೂರನೇ ದಿನಕ್ಕ ಆಗೈತಿ. ನಿನ್ನ ಮುಂದನ ಹೇಳಿ ಕಳಿಸ್ಯಾರ, ನೀ ತಲಿ ಅಳ್ಳಾಡಿಸಿದಿ."

ಲಿಫ್ಟು ಬಂತು. ನಾನು ಹತ್ತಲಿಲ್ಲ, ಮೆಟ್ಟಿಲು ಇಳಿದೆ. ಅವನ ಮುಂದೆ ಲಿಫ್ಟಿನಲ್ಲಿ ನಿಂತು ಬಾಗಿಲು ಮುಚ್ಚುವುದನ್ನು ಕಾಯುವಷ್ಟು ತಾಳ್ಮೆ ನನ್ನಲ್ಲಿರಲಿಲ್ಲ.

ಮಾಸ್ತರರಿಗೆ ಅಂದೇ ಸೀಟು ಪಕ್ಕಾ ಮಾಡಿದೆ. ಆಮೇಲಿನ ತಿಂಗಳುಗಳಲ್ಲಿ ನೆಂಟರು ಏನೇನು ಅಂದರು ಎಂಬುದನ್ನು ಬರೆಯುವುದಿಲ್ಲ, ಅವರೂ ಓದಿಯಾರು. ಸಿಟ್ಟಿನಲ್ಲಿ ಯಾತ್ರೆ ಹೋದರೆ ದೇವರು ಒಲಿಯುವುದಿಲ್ಲ ಎಂದು ಒಬ್ಬರು ಬುದ್ಧಿ ಹೇಳಿದರು. ಸಿಟ್ಟು ಇಳಿದ ಮೇಲೆ ಹೋಗಬೇಕೆಂದರೆ ನನ್ನ ಮೊಣಕಾಲು ಅಷ್ಟು ವರ್ಷ ಕಾಯುವುದಿಲ್ಲ ಎಂದು ನಾನು ಅಂದೆ.

ಸಂಜೆ ಗಿರಣಿ ಮುಚ್ಚಿ ಅವ್ವನ ಬೂಟು ಹಾಕಿಕೊಂಡು ಮೆಟ್ಟಿಲು ಹತ್ತತೊಡಗಿದೆ. ಬೆರಳ ಹತ್ತಿರ ಒತ್ತುತ್ತಿದ್ದವು. ಹೊಸವು ಕೊಳ್ಳಿ ಅಂದರು ನಮ್ಮ ಮನೆಯವರು, ಕೇಳಲಿಲ್ಲ. ನಡುವಿನ ಮಾಳಿಗೆಯ ಹೆಣ್ಣುಮಗಳು ಮೊದಲ ದಿನ ಬಾಗಿಲು ತೆಗೆದು ಬೂಟು ನೋಡಿದಳು. ಏನೂ ಕೇಳದೆ ಒಳಗೆ ಹೋಗಿ ಚಹಾ ತಂದಳು.

ಹೊರಡುವ ಹಿಂದಿನ ದಿನ ಅಣ್ಣನ ಫೋನು ಬಂತು. ಗೃಹಪ್ರವೇಶದ ಮೇಲೆ ಮೊದಲ ಫೋನು. ಚೀಲ ತುಂಬುತ್ತಿದ್ದೆ. ಸ್ವಲ್ಪ ಹೊತ್ತು ಅಲ್ಲಿಯ ಚಳಿ, ಅಲ್ಲಿಯ ಕುದುರೆ, ಔಷಧಿ ಇಟ್ಟುಕೊಂಡೆಯಾ ಎಂದೆಲ್ಲ ಕೇಳಿದ. ಚೀಲ ಬದಿಗಿಟ್ಟು ಕೂತೆ, ಎಷ್ಟೆಂದರೂ ಅಣ್ಣ. ಆಮೇಲೆ ಮೆಲ್ಲಗೆ ಅಂದ:

"ಹೆಂಗೂ ಹೊಂಟೀದಿ. ಅಲ್ಲೆ ನಮ್ಮ ಮನಿತನದ ಹೆಸರಲೆ ಒಂದ ಅಭಿಷೇಕ ಮಾಡಸು. ಹೊಸಾ ಮನಿ ಅಲ್ಲ, ಚೊಲೋ ಆಗಲಿ. ಗೋತ್ರ ಬರೋಬ್ಬರಿ ಹೇಳು, ಮರೀಬ್ಯಾಡ."

ಮತ್ತೆ ಚೀಲ ಎಳೆದುಕೊಂಡೆ.

"ನಿಮ್ಮ ಗೋತ್ರ ಹೇಳಾಕ ನಂಗ ಅಧಿಕಾರ ಇಲ್ಲಣ್ಣಾ" ಅಂದೆ. "ನಾ ಹೊರಗಿನಾಕಿ."

"ಇನ್ನೂ ಅದನ್ನ ಹಿಡಕೊಂಡು ಕೂತೀಯಾ?"

"ಹೂಂ."

"ಮತ್ತ ಅಲ್ಲೆ ಪಂಡಿತರು ಕೇಳಿದರ ಏನ್ ಹೇಳ್ತಿ?"

"ಅವ್ವನ ಹೆಸರ ಹೇಳ್ತೀನಿ."

"ಹೆಸರ ಅಷ್ಟ ಸಾಲಂಗಿಲ್ಲ. ಯಾವ ಗೋತ್ರ ಅಂತ ಕೇಳ್ತಾರ."

ನಾನು ಆ ಬಗ್ಗೆ ಯೋಚಿಸಿರಲಿಲ್ಲ. ಅವ್ವ ಹುಟ್ಟಿದ ಮನೆಯ ಗೋತ್ರ ಯಾವುದೋ ನನಗೆ ಗೊತ್ತಿಲ್ಲ. ಅವಳನ್ನೂ ಒಂದು ದಿನ ಅಲ್ಲಿಂದ ಹೊರಗೆ ಕಳಿಸಿದ್ದರಲ್ಲ. ಕಡೆಗೆ ಅವಳು ಸೇರಿದ್ದು ಅಣ್ಣನ ಹೊಸ್ತಿಲಿಗೆ, ಅದೂ ಹೆಣವಾಗಿ, ಗಾಡಿಯಲ್ಲಿ.

"ಕೂಕಟ್‌ಪಲ್ಲಿ ಗಿರಣಿಯಾಕಿ ಅಂತ ಹೇಳ್ತೀನಿ" ಅಂದೆ. "ಬೇಕಾದ್ರ ದೇವ್ರು ಗುರ್ತ ಹಿಡೀಲಿ, ಇಲ್ಲಾಂದ್ರ ಬಿಡ್ಲಿ."

ಅವನು ಫೋನು ಇಟ್ಟ. ನಾನು ಮುಡಿಪನ್ನು ಚೀಲಕ್ಕೆ ಹಾಕಲಿಲ್ಲ, ರವಿಕೆಯ ಒಳಗೆ ಇಟ್ಟು ಪಿನ್ನು ಹಾಕಿದೆ. ನಮ್ಮ ಮನೆಯವರು ಬಾಗಿಲಲ್ಲಿ ಕೂತು ಬಿಳಿ ಬೂಟಿನ ಮುಂಭಾಗವನ್ನು ನೀರು ಹಚ್ಚಿ ಎಳೆದು ಎಳೆದು ಸಡಿಲ ಮಾಡುತ್ತಿದ್ದರು.